ನಿಂತ ಕಾಂಟಾ, ಏರಿಳಿಯುವ ತಟ್ಟೆ

ಇಳಿಯುತ್ತಿದ್ದ ತೂಕ ಇದ್ದಕ್ಕಿದ್ದಂತೆ ಒಂದು ಕಡೆ ನಿಂತುಬಿಡುತ್ತದೆ. ಒಂದು ದಿನ ಕಡಿಮೆ, ಇನ್ನೊಂದು ದಿನ ಹೆಚ್ಚು ಉಂಡರೆ ಅದು ಮತ್ತೆ ಇಳಿಯುತ್ತದೆಯೆ? ಪ್ರಯೋಗಗಳು ಹೇಳುವುದೇನು, ಬೀದರ್ ಸೀಮೆಯ ಊಟದ ಪಂಚಾಂಗ ಹೇಳುವುದೇನು?

ಬೀದರಿನ ಬರೀದ್‌ಶಾಹಿ ಉದ್ಯಾನದಲ್ಲೋ ನೆಹರೂ ಕ್ರೀಡಾಂಗಣದಲ್ಲೋ ಬೆಳಿಗ್ಗೆ ನಡೆಯಲು ಬರುವವರ ಮಾತು ಮಳೆ, ತೊಗರಿ ದರ, ಮಕ್ಕಳ ಸಿಇಟಿ ಎಲ್ಲ ದಾಟಿ ಕೊನೆಗೆ ಬಂದು ನಿಲ್ಲುವುದು ತೂಕದ ಮೇಲೆ. ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ದೂರು ಹೆಚ್ಚುಕಡಿಮೆ ಒಂದೇ. 'ಮೊದಲನೇ ತಿಂಗಳು ನಾಕು ಕಿಲೋ ಇಳೀತ್ರಿ. ಈಗ ನೋಡ್ರಿ, ಕಾಂಟಾ ಅಲ್ಲೇ ನಿಂತದ. ಅದೇ ಎರಡು ರೊಟ್ಟಿ, ಅದೇ ವಾಕಿಂಗ್. ಏನ್ ತಪ್ಪಾಗ್ಯಾದೋ ತಿಳೀವಲ್ದು.'

ಈ ದೂರಿಗೆ ಈಗ ಎಲ್ಲೆಡೆ ಹರಿದಾಡುತ್ತಿರುವ ಮದ್ದು ಕ್ಯಾಲೊರಿ ಸೈಕ್ಲಿಂಗ್. ಕೆಲವರು ಜಿಗ್‌ಜಾಗ್ ಡಯಟ್ ಎಂದೂ ಕರೆಯುತ್ತಾರೆ. ದಿನವೂ ಒಂದೇ ಅಳತೆಯಲ್ಲಿ ಉಂಡರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಇವತ್ತು 1200 ಕ್ಯಾಲೊರಿ, ನಾಳೆ 1800, ನಾಡಿದ್ದು 1400 ಎಂದು ಏರಿಳಿಸುತ್ತಿದ್ದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ, ಗೊಂದಲಕ್ಕೆ ಬಿದ್ದು ಮತ್ತೆ ಕೊಬ್ಬು ಕರಗಿಸತೊಡಗುತ್ತದೆ ಎಂಬುದು ಇದರ ವಾದ. ಕೇಳಲು ಚೆನ್ನಾಗಿದೆ. ಹೆಚ್ಚು ಉಣ್ಣಲು ಅನುಮತಿ ಕೊಡುವ ಪಥ್ಯ ಯಾರಿಗೆ ಬೇಡ?

ಮೈಯನ್ನು ಗೊಂದಲಕ್ಕೆ ಕೆಡವುವ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ಆದರೂ ಏರಿಳಿತದ ಊಟ ತಳ್ಳಿಹಾಕುವಂಥದ್ದಲ್ಲ. ಅದು ಉಪಯೋಗಕ್ಕೆ ಬರುವುದು ಬೇರೆಯದೇ ಕಾರಣಕ್ಕೆ. ಆ ಕಾರಣ ಹಬ್ಬ, ಜಾತ್ರೆ, ರೋಜಾ, ಏಕಾದಶಿಗಳ ನಡುವೆ ಬದುಕುವ ಬೀದರ್, ಭಾಲ್ಕಿ, ಔರಾದ್ ಸೀಮೆಯವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ಕಾಂಟಾ ನಿಲ್ಲುವುದೇಕೆ?

ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕಿಲೋದಷ್ಟು ಸಕ್ಕರೆ ದಾಸ್ತಾನಿರುತ್ತದೆ. ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ಸೇರಿರುತ್ತದೆ. ಊಟ ಕಡಿಮೆಯಾದ ಕೂಡಲೇ ಮೈ ಮೊದಲು ಕೈಹಾಕುವುದು ಈ ದಾಸ್ತಾನಿಗೆ. ಹೀಗೆ ಕೊಬ್ಬು ಅಷ್ಟಾಗಿ ಕರಗದಿದ್ದರೂ ಒಂದೆರಡು ಕಿಲೋ ಇಳಿದಂತೆ ಕಾಣುತ್ತದೆ. ಆ ವೇಗವೇ ಮುಂದೆಯೂ ಇರಬೇಕೆಂದು ಬಯಸಿದವರಿಗೆ ಎರಡನೇ ತಿಂಗಳಲ್ಲಿ ನಿರಾಸೆ ಖಾತ್ರಿ.

ಈ ತಪ್ಪು ನಿರೀಕ್ಷೆಯ ಹಿಂದೆ ಒಂದು ಹಳೆಯ ಸೂತ್ರವೂ ಇದೆ. 1958ರಲ್ಲಿ ಮ್ಯಾಕ್ಸ್ ವಿಷ್ನೋಫ್‌ಸ್ಕಿ ಎಂಬ ಅಮೆರಿಕದ ವೈದ್ಯರು ಒಂದು ಪೌಂಡ್ ತೂಕ 3500 ಕ್ಯಾಲೊರಿಗೆ ಸಮ ಎಂದು ಲೆಕ್ಕ ಕಟ್ಟಿದರು. ಕಿಲೋ ಲೆಕ್ಕದಲ್ಲಿ ಸುಮಾರು 7700. ಅದರಂತೆ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ, ವರ್ಷಕ್ಕೆ 23 ಕಿಲೋಗೂ ಹೆಚ್ಚು ಇಳಿಯಬೇಕು. ಯಾರಿಗೂ ಹಾಗೆ ಇಳಿಯುವುದಿಲ್ಲ, ಏಕೆಂದರೆ ಇಳಿಯುತ್ತ ಹೋದಂತೆ ಮೈಯ ಖರ್ಚೂ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಲೆಕ್ಕವನ್ನು ತಿದ್ದಿದರು. ಊಟದಲ್ಲಿ ಒಂದು ಬದಲಾವಣೆ ಮಾಡಿ ಅದನ್ನೇ ಉಳಿಸಿಕೊಂಡರೆ, ಅದರಿಂದ ಒಟ್ಟು ಬರಬೇಕಾದ ತೂಕದ ವ್ಯತ್ಯಾಸದ ಅರ್ಧ ಭಾಗ ಬರಲು ಒಂದು ವರ್ಷ, ಹೆಚ್ಚೂಕಡಿಮೆ ಪೂರ್ತಿಯಾಗಲು ಮೂರು ವರ್ಷ ಬೇಕು ಎಂಬುದು ಅವರ ಲೆಕ್ಕ.

ಮೈ ಖರ್ಚು ಕಡಿತಗೊಳಿಸುವುದು ಎಷ್ಟರ ಮಟ್ಟಿಗೆ ಎಂಬುದು 1944–45ರಲ್ಲೇ ಕಂಡಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ತೂಕದ ಕಾಲು ಭಾಗ ಹೋಯಿತು. ನಾಡಿ ನಿಧಾನವಾಯಿತು, ಮೈ ತಣ್ಣಗಾಯಿತು, ಅನಗತ್ಯ ಚಲನೆ ತಾನಾಗಿಯೇ ನಿಂತಿತು, ತಲೆಯಲ್ಲಿ ಊಟದ ಯೋಚನೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಎರಡು ರೊಟ್ಟಿ ಕಡಿಮೆ ಮಾಡಿದವರಲ್ಲೂ ಇದೇ ನಡೆಯುತ್ತದೆ, ಪ್ರಮಾಣ ಸಣ್ಣದು ಅಷ್ಟೆ. ಮೆಟ್ಟಿಲು ಹತ್ತುವ ಬದಲು ಲಿಫ್ಟ್, ಅಂಗಡಿಗೆ ನಡೆಯುವ ಬದಲು ಬೈಕ್, ಸಂಜೆ ಓಡಾಡುವ ಬದಲು ಸೋಫಾ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ.

ಖರ್ಚಿಗಿಂತ ದೊಡ್ಡ ಆಟ ಹಸಿವಿನದು. ಕೆಲವು ಮಧುಮೇಹದ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ರೋಗಿಗೆ ಗೊತ್ತೇ ಆಗದಂತೆ ದಿನವೂ ಒಂದಿಷ್ಟು ಕ್ಯಾಲೊರಿ ಸೋರಿಹೋಗುತ್ತದೆ. ಅಂಥವರ ತೂಕದ ದಾಖಲೆ ಹಿಡಿದು ಹಾಲ್ ತಂಡ 2016ರಲ್ಲಿ ಹಸಿವನ್ನು ಅಳೆಯಿತು. ಇಳಿದ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿ ಹೆಚ್ಚುತ್ತದೆ. ಎಂಟು ಕಿಲೋ ಇಳಿಸಿದವರ ಖರ್ಚು 200ರಷ್ಟು ಇಳಿದಿದ್ದರೆ, ಹೊಟ್ಟೆ ದಿನವೂ 800 ಹೆಚ್ಚಿಗೆ ಕೇಳುತ್ತಿರುತ್ತದೆ. ಒಂದು ಬೊಗಸೆ ಶೇಂಗಾ, ಮೊಮ್ಮಗ ಬಿಟ್ಟ ಅರ್ಧ ರೊಟ್ಟಿ, ಆಫೀಸಿನಲ್ಲಿ ಮೂರನೇ ಚಾ, ಹೀಗೆ ಆ ಬೇಡಿಕೆ ಮೆಲ್ಲಗೆ ಪೂರೈಕೆಯಾಗುತ್ತ ಹೋಗುತ್ತದೆ.

'ನಾ ಏನೂ ಹೆಚ್ಚಿಗೆ ತಿಂದಿಲ್ರಿ' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಅದು ಗಮನಕ್ಕೇ ಬಂದಿರುವುದಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಅಧ್ಯಯನ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿತು. ಅವರು ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಬರೆದುಕೊಂಡಿದ್ದರು, ಮಾಡಿದ್ದಕ್ಕಿಂತ 51% ಹೆಚ್ಚು ವ್ಯಾಯಾಮ ಬರೆದುಕೊಂಡಿದ್ದರು. ಅವರ ಚಯಾಪಚಯದಲ್ಲಿ ದೋಷವೇನೂ ಇರಲಿಲ್ಲ.

ಏರಿಳಿಸಿದರೆ ಇಳಿಯುತ್ತದೆಯೆ?

ಏರಿಳಿತದ ಊಟದ ಪರ ಇರುವವರೆಲ್ಲ ಮುಂದಿಡುವುದು ಆಸ್ಟ್ರೇಲಿಯಾದ 'ಮೆಟಡಾರ್' ಪ್ರಯೋಗವನ್ನು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 51 ಸ್ಥೂಲಕಾಯದ ಗಂಡಸರಿದ್ದರು. ಎರಡೂ ಬಣದವರಿಗೆ ಒಟ್ಟು 16 ವಾರ, ಅಗತ್ಯಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಊಟ. ಒಂದು ಬಣ 16 ವಾರ ಸತತವಾಗಿ ಮಾಡಿತು. ಇನ್ನೊಂದು ಎರಡು ವಾರ ಪಥ್ಯ, ಎರಡು ವಾರ ತೂಕ ಏರದ ಇಳಿಯದಷ್ಟು ಪೂರ್ತಿ ಊಟ, ಮತ್ತೆ ಎರಡು ವಾರ ಪಥ್ಯ ಎಂದು 30 ವಾರಗಳಲ್ಲಿ ಮುಗಿಸಿತು. ಸತತವಾಗಿ ಮಾಡಿದವರು 9.1 ಕಿಲೋ ಇಳಿದರು, ಬಿಟ್ಟು ಬಿಟ್ಟು ಮಾಡಿದವರು 14.1 ಕಿಲೋ. ನಡುವೆ ಪೂರ್ತಿ ಉಂಡಿದ್ದರಿಂದ ಎರಡನೇ ಬಣದವರ ಮೈ ಖರ್ಚನ್ನು ಅಷ್ಟಾಗಿ ಇಳಿಸಿರಲಿಲ್ಲ.

ಫಲಿತಾಂಶ ಬೆರಗುಗೊಳಿಸುವಂಥದ್ದೇ. ಆದರೆ ಅಲ್ಲಿದ್ದದ್ದು ಎರಡೆರಡು ವಾರಗಳ ವಿರಾಮ. ಸೋಮವಾರ ಕಡಿಮೆ, ಮಂಗಳವಾರ ಹೆಚ್ಚು ಎಂಬ ಆಟವಲ್ಲ. ವಿರಾಮದಲ್ಲೂ ಅವರು ಅಳೆದೇ ಉಂಡರು. ಮೇಲಾಗಿ 14 ವಾರ ಹೆಚ್ಚು ಕಾದರು. ಅದೇ ಆಸ್ಟ್ರೇಲಿಯಾದಲ್ಲಿ, ಭಾರ ಎತ್ತುವ ವ್ಯಾಯಾಮ ರೂಢಿಯಿದ್ದ 61 ಜನರ ಮೇಲೆ ಮೂರು ವಾರ ಪಥ್ಯ, ಒಂದು ವಾರ ವಿರಾಮದ 'ಐಸ್‌ಕ್ಯಾಪ್' ಪ್ರಯೋಗ ನಡೆಯಿತು. 2021ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಕೊಬ್ಬಿನ ಇಳಿಕೆಗೆ ವಿರಾಮದಿಂದ ಯಾವ ಲಾಭವೂ ಕಾಣಲಿಲ್ಲ. ವಿರಾಮವಿದ್ದವರಿಗೆ ಹಸಿವಿನ ಕಾಟ ಮಾತ್ರ ಕಡಿಮೆಯಿತ್ತು.

ದಿನ ಬಿಟ್ಟು ದಿನದ ಏರಿಳಿತವನ್ನು ನೇರವಾಗಿ ಪರೀಕ್ಷಿಸಿದ್ದು ಷಿಕಾಗೊದಲ್ಲಿ. 2017ರಲ್ಲಿ ಪ್ರಕಟವಾದ, ಕ್ರಿಸ್ಟಾ ವರಡಿ ತಂಡದ ಒಂದು ವರ್ಷದ ಪ್ರಯೋಗದಲ್ಲಿ 100 ಜನರಿದ್ದರು. ಒಂದು ಬಣ ಅಗತ್ಯದ 25% ಒಂದು ದಿನ, 125% ಮರುದಿನ ಉಂಡಿತು. ಇನ್ನೊಂದು ದಿನವೂ 75% ಉಂಡಿತು. ಎರಡರ ಸರಾಸರಿ ಒಂದೇ. ವರ್ಷದ ಕೊನೆಗೆ ಮೊದಲ ಬಣದ ಇಳಿಕೆ 6%, ಎರಡನೆಯದರದ್ದು 5.3%. ಇದನ್ನು ವ್ಯತ್ಯಾಸವೆಂದು ಎಣಿಸುವಂತಿಲ್ಲ. ನಡುವೆ ಕೈಬಿಟ್ಟವರು ಏರಿಳಿತದ ಬಣದಲ್ಲೇ ಹೆಚ್ಚು, 38%. ಇನ್ನೊಂದರಲ್ಲಿ 29%. ಇಂಗ್ಲೆಂಡಿನಲ್ಲಿ ಮಿಶೆಲ್ ಹಾರ್ವಿ ತಂಡ 107 ಮಹಿಳೆಯರಲ್ಲಿ ವಾರಕ್ಕೆ ಎರಡು ದಿನದ ಕಟ್ಟುನಿಟ್ಟಿನ ಪಥ್ಯವನ್ನು ದಿನನಿತ್ಯದ ಪಥ್ಯದ ಜೊತೆ ಹೋಲಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶವೂ ಹೀಗೆಯೇ, ಆರು ತಿಂಗಳಲ್ಲಿ ಎರಡೂ ಬಣದ ಇಳಿಕೆ ಸರಿಸಮ.

ಇವೆಲ್ಲ ಸೇರಿ ಹೇಳುವುದು ಸರಳ. ಮೈ ದಿನದ ಲೆಕ್ಕಕ್ಕೆ ಗೊಂದಲಪಡುವುದಿಲ್ಲ. ವಾರದ, ತಿಂಗಳ ಒಟ್ಟು ಮೊತ್ತ ಅದಕ್ಕೆ ಮುಖ್ಯ. ಏರಿಳಿತ ಕೆಲವರಿಗೆ ನೆರವಾಗುವುದು ಆ ಮೊತ್ತವನ್ನು ಮನಸ್ಸು ಮುರಿಯದೆ ಪಾಲಿಸಲು ಸಾಧ್ಯವಾಗುವುದರಿಂದ. ಉಳಿದವರಿಗೆ ಅದು ಇನ್ನೊಂದು ಕಾಟ.

ಬೀದರ್ ಸೀಮೆಯ ಹಳೆಯ ಏರಿಳಿತ

ಬೀದರಿನಿಂದ ಔರಾದ್ ಕಡೆ ಹೊರಟರೆ ಮಾಂಜ್ರಾ ನದಿ ದಾಟುವ ಮೊದಲು ಜನವಾಡ ಸಿಗುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಈ ದಾರಿಯಲ್ಲಿ ಊರುಗಳು ಖಾಲಿ, ಹೊಲಗಳು ಭರ್ತಿ. ಚರಗ ಚೆಲ್ಲಿ, ಬಗೆಬಗೆಯ ಕಾಯಿಪಲ್ಯ, ಹಸಿ ಕಾಳು ಹಾಕಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಂಬಲಿ, ಹೋಳಿಗೆ, ಕಡುಬು ಮುಂದಿಟ್ಟುಕೊಂಡು ಕೂತರೆ ಅಂದು ಕ್ಯಾಲೊರಿಯ ಮಾತು ಎತ್ತುವವರು ಬೈಸಿಕೊಳ್ಳುತ್ತಾರೆ. ಇದೇ ಸೀಮೆಯಲ್ಲಿ ಶ್ರಾವಣ ಸೋಮವಾರಗಳಿವೆ, ಏಕಾದಶಿಗಳಿವೆ, ಮೂವತ್ತು ರೋಜಾಗಳಿವೆ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ, ಔರಾದಿನ ಅಮರೇಶ್ವರ ಜಾತ್ರೆ, ಮಠಗಳ ದಾಸೋಹ, ಗುರುನಾನಕ ಝೀರಾದ ಲಂಗರ್ ಇವೆ. ಪ್ರಯೋಗಶಾಲೆಯವರು ಹೆಸರಿಡುವ ಮೊದಲೇ ಇಲ್ಲಿನ ತಟ್ಟೆ ವರ್ಷವಿಡೀ ಏರಿಳಿಯುತ್ತಿತ್ತು.

ಹಾಗಿದ್ದರೆ ಈ ಸೀಮೆಯವರೇಕೆ ದಪ್ಪಗಾಗುತ್ತಿದ್ದಾರೆ? ಏರು ಹಾಗೇ ಉಳಿಯಿತು, ಇಳಿವು ಮಾಯವಾಯಿತು. ಏಕಾದಶಿಯ ತಟ್ಟೆಯನ್ನೇ ನೋಡಿ. 75 ಗ್ರಾಂ ಸಾಬೂದಾಣಿ, 25 ಗ್ರಾಂ ಶೇಂಗಾ, ಎರಡು ಚಮಚ ಎಣ್ಣೆಯ ಖಿಚಡಿ ಸುಮಾರು 480 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿ, 30 ಗ್ರಾಂ ತೊಗರಿ ಬೇಳೆ ಹಾಕಿದ ಪುಂಡಿ ಪಲ್ಯ, ಒಂದು ಚಮಚ ಎಣ್ಣೆ ಎಲ್ಲ ಸೇರಿದ ಪೂರ್ತಿ ಊಟವೂ ಹೆಚ್ಚುಕಡಿಮೆ ಅಷ್ಟೇ. ಉಪವಾಸವೆಂದುಕೊಂಡ ದಿನ ಊಟದ ದಿನಕ್ಕೆ ಸಮವಾಯಿತು, ನಾರು ಮತ್ತು ಪ್ರೋಟೀನ್ ಮಾತ್ರ ಕಳೆದುಹೋಯಿತು. ರಂಜಾನ್ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದರೂ ತಿಂಗಳಲ್ಲಿ ಇಳಿಯುವುದು ಸರಾಸರಿ ಒಂದು ಕಿಲೋ ಆಸುಪಾಸು. ಹಬ್ಬ ಮುಗಿದ ಕೆಲವೇ ವಾರಗಳಲ್ಲಿ ಅದರ ಬಹುಪಾಲು ಮರಳುತ್ತದೆ.

ಮಾಯವಾದ ಇನ್ನೊಂದು ಸಂಗತಿ ಮೈಮುರಿಯುವ ದುಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಿದ್ಧಪಡಿಸಿದ 2020ರ ಐಸಿಎಂಆರ್ ಪಟ್ಟಿಯ ಪ್ರಕಾರ, ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು. ಅದೇ ತೂಕದ, ಹೊಲದಲ್ಲಿ ಕಷ್ಟದ ದುಡಿಮೆ ಮಾಡುವವನಿಗೆ 3470 ಬೇಕು. ಹೆಂಗಸರಿಗೆ ಈ ಅಂಕಿ 1660 ಮತ್ತು 2720. ಗಂಡಸರ ಲೆಕ್ಕದಲ್ಲಿ ವ್ಯತ್ಯಾಸ 1360, ಅಂದರೆ 50 ಗ್ರಾಂ ಹಿಟ್ಟಿನ ಎಂಟು ಜೋಳದ ರೊಟ್ಟಿ. ಅಪ್ಪ ಕುಂಟೆ ಹೊಡೆದು, ತೊಗರಿ ಕೊಯ್ದು ಉಂಡ ತಟ್ಟೆಯನ್ನು ಮಗ ಬ್ಯಾಂಕಿನ ಕುರ್ಚಿಯಲ್ಲಿ ಕೂತೂ ಉಣ್ಣುತ್ತಿದ್ದಾನೆ. ಹೊಲದಲ್ಲೇ ಉಳಿದ ಅಣ್ಣನೂ ಈಗ ಟ್ರ್ಯಾಕ್ಟರ್ ಮೇಲಿದ್ದಾನೆ, ಸೋಯಾ ರಾಶಿಗೆ ಯಂತ್ರ ಬರುತ್ತದೆ.

ವಾರವನ್ನು ಹಂಚಿಕೊಳ್ಳುವ ಬಗೆ

ಈಗ ಏರಿಳಿತವನ್ನು ಕೆಲಸಕ್ಕೆ ಹಚ್ಚುವ ಮಾತು. ಎಪ್ಪತ್ತು ಕಿಲೋ ತೂಕದ, ಕೂತು ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ದಿನಕ್ಕೆ 1500 ಕ್ಯಾಲೊರಿ ಗುರಿ ಇಟ್ಟುಕೊಂಡಿದ್ದಾಳೆ ಎನ್ನೋಣ. ವಾರಕ್ಕೆ 10,500. ಆದರೆ ಭಾನುವಾರ ತವರಿನವರು ಬರುತ್ತಾರೆ, ಗುರುವಾರ ಯಾರದೋ ಮನೆಯ ಕಾರ್ಯ. ಆ ಎರಡು ದಿನ 1500 ಪಾಲಿಸಲು ಹೋಗಿ, ಸೋತು, 'ಇನ್ನು ಆಗದು' ಎಂದು ವಾರವನ್ನೇ ಬಿಟ್ಟುಕೊಡುವುದು ಎಲ್ಲರ ಅನುಭವ. ಅದರ ಬದಲು ಉಳಿದ ಐದು ದಿನ 1350ರಂತೆ 6750, ಗುರುವಾರ 1800, ಭಾನುವಾರ 1950 ಎಂದು ಹಂಚಿದರೆ ಮೊತ್ತ ಅದೇ 10,500. ಮನೆ ಖರ್ಚಿನ ದುಡ್ಡನ್ನು ಹಬ್ಬಕ್ಕೆಂದು ಮೊದಲೇ ಎತ್ತಿಟ್ಟಂತೆ ಇದು. ಹಬ್ಬ ಕಳೆದ ಮೇಲೆ ಸಾಲ ತೀರಿಸಲು ಹೊರಟರೆ ಈ ಲೆಕ್ಕ ಕೂಡುವುದಿಲ್ಲ.

ಹೆಚ್ಚಿನ ದಿನವೆಂದರೆ ಲಗಾಮಿಲ್ಲದ ದಿನವಲ್ಲ. ಮಧ್ಯಮ ಗಾತ್ರದ ಒಂದು ಹೋಳಿಗೆಗೆ ಬೇಳೆ, ಬೆಲ್ಲ, ಹಿಟ್ಟು, ಒಂದು ಚಮಚ ತುಪ್ಪ ಸೇರಿ 300ರ ಆಸುಪಾಸು. ಐದು ದಿನದಲ್ಲಿ ತಲಾ 150ರಂತೆ ಉಳಿಸಿದ್ದು 750. ಎರಡು ಹೋಳಿಗೆ, ಒಂದು ಚಾಕ್ಕೆ ಅದು ಮುಗಿಯುತ್ತದೆ. ನಾಲ್ಕು ಹೋಳಿಗೆ, ಮೇಲೆ ಬಂಡಿಯ ಮಿರ್ಚಿ ಎಂದರೆ ವಾರದ ಕಡಿತವೆಲ್ಲ ಒಂದೇ ಮಧ್ಯಾಹ್ನಕ್ಕೆ ಹೋಯಿತು.

ಕಡಿಮೆಯ ದಿನ ಹಸಿದು ಕೂರುವ ದಿನವೂ ಅಲ್ಲ. ಇಲ್ಲಿ ಬೀದರಿನ ಅಡುಗೆಮನೆಗೆ ಅನುಕೂಲವಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಅಕ್ಕಿಯಲ್ಲಿ 3 ಗ್ರಾಂ ಒಳಗೆ. ತೊಗರಿ ಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಜೋಳದ ರೊಟ್ಟಿ, ಗಟ್ಟಿ ಬೇಳೆ, ಪುಂಡಿ ಇಲ್ಲವೇ ಮೆಂತ್ಯೆ ಪಲ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ನೀರು ಮಜ್ಜಿಗೆ ಇದ್ದರೆ ಕಡಿಮೆ ಕ್ಯಾಲೊರಿಯಲ್ಲೂ ಹೊಟ್ಟೆ ತುಂಬುತ್ತದೆ. ಕಡಿತ ಆಗಬೇಕಾದದ್ದು ಕಣ್ಣಿಗೆ ಬೀಳದ ಕಡೆ. ಎಣ್ಣೆ ಚಮಚಕ್ಕೆ 45 ಕ್ಯಾಲೊರಿ. ಎಮ್ಮೆ ಹಾಲು, ಎರಡು ಚಮಚ ಸಕ್ಕರೆಯ ಚಾ 80ರಿಂದ 100. ಶೇಂಗಾ ಹಿಂಡಿ 10 ಗ್ರಾಂಗೆ 50. ಮೂರು ಚಾ ಒಂದಕ್ಕೆ ಇಳಿದರೆ ಆ ದಿನದ 150 ಅಲ್ಲೇ ಸಿಕ್ಕಿತು.

ಬೇಳೆ, ಮೊಸರು, ಮೊಟ್ಟೆ, ಮಾಂಸವನ್ನು ಕಡಿಮೆಯ ದಿನಗಳಲ್ಲಿ ಕಡಿಮೆ ಮಾಡಬಾರದು. ಪ್ರೋಟೀನ್ ಸಾಲದೆ ತೂಕ ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಖರ್ಚು ಮತ್ತಷ್ಟು ಕುಸಿಯುತ್ತದೆ. ವಾರಕ್ಕೆರಡು ಸಲವಾದರೂ ಬೈಠಕ್, ದಂಡದಂಥ ಸ್ನಾಯುವಿಗೆ ಭಾರ ಬೀಳುವ ವ್ಯಾಯಾಮ ಬೇಕು ಎನ್ನುವುದು ಇದಕ್ಕೇ. ಬರೀ ನಡಿಗೆ ಸಾಲದು.

ಇದೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ತೂಕ ನಿಜವಾಗಿ ನಿಂತಿದೆಯೆ ಎಂದು ನೋಡಿಕೊಳ್ಳಬೇಕು. ಉಪ್ಪು, ಮಲಬದ್ಧತೆ, ಮುಟ್ಟಿನ ದಿನಗಳು, ಹಿಂದಿನ ದಿನದ ಮದುವೆ ಊಟ ಕಾಂಟಾವನ್ನು ಒಂದೆರಡು ಕಿಲೋ ಏರಿಸಿಡುತ್ತವೆ. ಹೆಚ್ಚು ಉಂಡ ಮರುದಿನ ಕಾಂಟಾ ಏರಿದ್ದು ಕಂಡು ಗಾಬರಿಯಾಗುವುದೂ ಬೇಡ, ಕಡಿಮೆಯ ದಿನದ ನಂತರ ಇಳಿದದ್ದು ಕಂಡು ಹಿಗ್ಗುವುದೂ ಬೇಡ. ಏರಿಳಿತದ ಊಟದಲ್ಲಿ ಇಂಥ ಭ್ರಮೆ ದುಪ್ಪಟ್ಟು. ವಾರದ ಸರಾಸರಿ ತೆಗೆದು, ನಾಲ್ಕು ವಾರದ ಸರಾಸರಿಗಳು ಕದಲದಿದ್ದರೆ ಮಾತ್ರ ನಿಂತಿದೆ ಎನ್ನಬಹುದು. ಆಗಲೂ ಊಟ ಕತ್ತರಿಸುವ ಮುನ್ನ ಎರಡು ವಾರ ಬಾಯಿಗೆ ಹೋದದ್ದೆಲ್ಲವನ್ನೂ ಬರೆದಿಟ್ಟರೆ ಬಹಳಷ್ಟು ಜನರ ಒಗಟು ಅಲ್ಲೇ ಬಿಡಿಸಿಕೊಳ್ಳುತ್ತದೆ.

ಯಾರು ಮಾಡಬಾರದು

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಔಷಧಿಯ ಪ್ರಮಾಣ ಹಾಗೇ ಇಟ್ಟು ಒಂದು ದಿನ ಊಟ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಯವರಿಗೆ ದೀರ್ಘ ಉಪವಾಸದಲ್ಲಿ ಬೇರೆ ಬಗೆಯ ಅಪಾಯವಿದೆ. ಡಾಕ್ಟರನ್ನು ಕೇಳದೆ ಇವರು ಏರಿಳಿತಕ್ಕೆ ಕೈಹಾಕಬಾರದು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಮೈ ಸೊರಗಿದ ವೃದ್ಧರು ದೂರವಿರಬೇಕು. ಒಂದು ದಿನ ವಿಪರೀತ ತಿಂದು ಮರುದಿನ ಅಪರಾಧಭಾವದಿಂದ ಉಪವಾಸ ಬೀಳುವ ಸ್ವಭಾವದವರಿಗೆ ಈ ಪದ್ಧತಿ ಆ ಚಟವನ್ನೇ ಗಟ್ಟಿ ಮಾಡುತ್ತದೆ. ಉಳಿದವರಿಗೂ ಒಂದು ಗೆರೆ ಇದೆ. ತೂಕ ಇಳಿಸುವ ಆಹಾರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಬಾರದು, ವಾರಕ್ಕೆ ಅರ್ಧ ಕಿಲೋ ಇಳಿಕೆ ಸುರಕ್ಷಿತ ಎಂಬುದು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ.

ನಿಂತದ್ದೂ ಒಂದು ಗಳಿಕೆ

ಕಾಂಟಾ ನಿಂತಿತೆಂದು ಎಲ್ಲವನ್ನೂ ಕೈಬಿಡುವವರು ಒಂದು ಭಾರತೀಯ ಅಧ್ಯಯನವನ್ನು ತಿಳಿದಿರಬೇಕು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ತಿದ್ದಿಕೊಂಡು, ನಡಿಗೆ ರೂಢಿಸಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಸಾಧ್ಯತೆ 28.5% ತಗ್ಗಿತು. ಗಮನಿಸಬೇಕಾದ ಸಂಗತಿ, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಕಾಂಟಾ ಕದಲದಿದ್ದರೂ ಒಳಗಡೆ ಕೆಲಸ ನಡೆದಿತ್ತು.

ಆದ್ದರಿಂದ ಎಂಟು ಕಿಲೋ ಇಳಿಸಿ ನಿಂತವರ ಮುಂದೆ ಎರಡು ದಾರಿಗಳಿವೆ, ಎರಡೂ ಗೌರವದವೇ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದ್ದು, ಸಕ್ಕರೆ, ರಕ್ತದೊತ್ತಡ ಇನ್ನೂ ಮಾತು ಕೇಳದಿದ್ದರೆ ವಾರದ ಮೊತ್ತವನ್ನು ಇನ್ನಷ್ಟು ತಗ್ಗಿಸಬೇಕು. ಆ ಮೊತ್ತವನ್ನು ದಿನಗಳಿಗೆ ಸಮವಾಗಿ ಹಂಚುವುದೋ ಏರಿಳಿಸಿ ಹಂಚುವುದೋ ಅವರವರ ಮನೆಯ ನಡೆಗೆ ಬಿಟ್ಟದ್ದು. ಅವೆಲ್ಲ ಹದಕ್ಕೆ ಬಂದಿದ್ದರೆ ಆರು ತಿಂಗಳು ಅಲ್ಲೇ ನಿಂತು, ಇಳಿಸಿದ್ದನ್ನು ಏರದಂತೆ ಕಾಯುವುದೇ ಸಾಧನೆ. ಇಳಿಸುವುದಕ್ಕಿಂತ ಕಾಯುವುದು ಕಷ್ಟ ಎಂಬುದನ್ನು ಮರಳಿ ಏರಿಸಿಕೊಂಡವರೆಲ್ಲ ಬಲ್ಲರು. ಎಳ್ಳ ಅಮಾವಾಸ್ಯೆಯ ಭಜ್ಜಿಯನ್ನೂ ಶ್ರಾವಣದ ಒಪ್ಪತ್ತನ್ನೂ ಒಂದೇ ವರ್ಷದ ಲೆಕ್ಕದಲ್ಲಿ ಕೂಡಿಸಿಕೊಳ್ಳಬಲ್ಲ ಊಟದ ಕ್ರಮವೇ ಐದು ವರ್ಷದ ನಂತರವೂ ಜೊತೆಗಿರುತ್ತದೆ. ಭಜ್ಜಿಯನ್ನು ಕಂಡು ಹೆದರುವ ಪಥ್ಯ ಮುಂದಿನ ಅಮಾವಾಸ್ಯೆಯವರೆಗೂ ಬಾಳುವುದಿಲ್ಲ.